1989ರ ಜಾಗತಿಕ ಘಟನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು, ಹಳೆಯ ಪತ್ರಿಕೆ ತಿರುವಿ ಹಾಕುವವರು 1989ರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ತಾರೀಖುಗಳ ಪಟ್ಟಿ ಯಾವ ಗೈಡಿನಲ್ಲಾದರೂ ಸಿಗುತ್ತದೆ. ಅದನ್ನಷ್ಟೇ ಉರುಹೊಡೆದರೆ ಆ ವರ್ಷ ಅರ್ಥವಾಗುವುದಿಲ್ಲ. ಒಂದು ಗಡಿ ತೆರೆದದ್ದು ಇನ್ನೊಂದು ಗಡಿಯನ್ನು ಹೇಗೆ ಸಡಿಲಿಸಿತು, ಯಾವ ನಿಯಮ ಯಾರ ಕೈಯಲ್ಲಿ ಎಡವಿತು ಎಂದು ನೋಡಿದರೆ ತಾರೀಖುಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಉತ್ತರಗಳನ್ನು ಆ ದೃಷ್ಟಿಯಿಂದ ಬರೆದಿದ್ದೇವೆ.

ಪೂರ್ವ ಯುರೋಪಿನ ಘಟನೆಗಳನ್ನು ಯಾವ ಕ್ರಮದಲ್ಲಿ ಓದಬೇಕು?

ಹೆಚ್ಚಿನವರು ಬರ್ಲಿನ್ ಗೋಡೆಯಿಂದ ಶುರುಮಾಡುತ್ತಾರೆ. ಆದರೆ ಗೋಡೆ ತೆರೆದದ್ದು ನವೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಕಮ್ಯುನಿಸ್ಟ್ ಆಳ್ವಿಕೆ ಕುಸಿಯುವ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮೊದಲು ಪೋಲೆಂಡ್ (ಫೆಬ್ರವರಿಯಿಂದ ಆಗಸ್ಟ್), ಆಮೇಲೆ ಹಂಗೆರಿ (ಮೇಯಿಂದ ಸೆಪ್ಟೆಂಬರ್), ಅದರ ಹಿಂದೆಯೇ ಪೂರ್ವ ಜರ್ಮನಿ (ಸೆಪ್ಟೆಂಬರ್‌ನಿಂದ ನವೆಂಬರ್), ಬಲ್ಗೇರಿಯ (ನವೆಂಬರ್ 10), ಚೆಕೊಸ್ಲೊವಾಕಿಯ (ನವೆಂಬರ್ 17ರಿಂದ ಡಿಸೆಂಬರ್ 29), ಕೊನೆಗೆ ರುಮೇನಿಯ (ಡಿಸೆಂಬರ್ 16ರಿಂದ 25). ಈ ಕ್ರಮ ತಲೆಯಲ್ಲಿದ್ದರೆ ಕಾರಣಗಳು ಒಂದರ ಹಿಂದೆ ಒಂದು ಬಂದು ಕೂರುತ್ತವೆ.

ಜೊತೆಯಲ್ಲೇ ನೆನಪಿಡಬೇಕಾದದ್ದು ಬಾಲ್ಟಿಕ್ ಮಾನವ ಸರಪಳಿ. ಆಗಸ್ಟ್ 23ರಂದು ಟಾಲಿನ್, ರೀಗಾ, ವಿಲ್ನಿಯಸ್ ನಗರಗಳ ನಡುವೆ 600 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. ಆ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮೂರೂ ಬಾಲ್ಟಿಕ್ ದೇಶಗಳ ಹಣೆಬರಹವನ್ನು ಹಿಟ್ಲರ್ ಮತ್ತು ಸ್ಟಾಲಿನ್ ಸರ್ಕಾರಗಳು ಗುಟ್ಟಾಗಿ ಬರೆದ 1939ರ ಒಪ್ಪಂದಕ್ಕೆ ಅಂದಿಗೆ ಸರಿಯಾಗಿ 50 ವರ್ಷ.

ಪೋಲೆಂಡಿನ ಚುನಾವಣೆ ಪೂರ್ತಿ ಮುಕ್ತವಾಗಿರಲಿಲ್ಲ ಎನ್ನುತ್ತಾರೆ. ಹಾಗಾದರೆ ಆಳುವ ಪಕ್ಷ ಸೋತದ್ದು ಹೇಗೆ?

ಫೆಬ್ರವರಿ 6ರಿಂದ ಏಪ್ರಿಲ್ 5ರವರೆಗೆ ಸರ್ಕಾರ ಮತ್ತು ಲೆಕ್ ವಲೇಸಾ ಅವರ ಸಾಲಿಡಾರಿಟಿ ಕಾರ್ಮಿಕ ಸಂಘಟನೆ ದುಂಡುಮೇಜಿನ ಸುತ್ತ ಕೂತು ಮಾತಾಡಿದವು. ಕೆಳಮನೆಯ 460 ಸ್ಥಾನಗಳಲ್ಲಿ ಶೇ 65ರಷ್ಟು ಕಮ್ಯುನಿಸ್ಟರಿಗೂ ಅವರ ಮಿತ್ರಪಕ್ಷಗಳಿಗೂ ಮೀಸಲು, ಉಳಿದ 161ಕ್ಕೆ ಮಾತ್ರ ಮುಕ್ತ ಸ್ಪರ್ಧೆ ಎಂದು ಒಪ್ಪಂದವಾಯಿತು. ಹೊಸದಾಗಿ ರಚಿಸಿದ ಮೇಲ್ಮನೆಯ 100 ಸ್ಥಾನಗಳಿಗೂ ಮುಕ್ತ ಚುನಾವಣೆ. ಲೆಕ್ಕ ಹಾಕಿದರೆ ಸರ್ಕಾರ ಸೋಲುವ ಹಾಗೇ ಇರಲಿಲ್ಲ.

ಲೆಕ್ಕ ತಪ್ಪಿದ್ದು ಮತಪತ್ರದಲ್ಲಿ. ನಮ್ಮಲ್ಲಿ ಬೇಕಾದವರಿಗೆ ಗುರುತು ಹಾಕುತ್ತೇವೆ. ಅಲ್ಲಿ ಬೇಡವಾದವರ ಹೆಸರಿಗೆ ಗೀಟು ಎಳೆಯಬೇಕಿತ್ತು. ಸರ್ಕಾರದ ದೊಡ್ಡ ತಲೆಗಳನ್ನೆಲ್ಲ ಸೇರಿಸಿ 35 ಹೆಸರುಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಮಾಡಿದ್ದರು. ಅವರಿಗೆ ಎದುರಾಳಿಗಳೇ ಇರಲಿಲ್ಲ, ಆದರೆ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು. ಜೂನ್ 4ರಂದು ಜನ ಪಟ್ಟಿಯುದ್ದಕ್ಕೂ ಗೀಟು ಎಳೆದರು. 35ರಲ್ಲಿ ದಾಟಿದವರು ಇಬ್ಬರೇ. ಎದುರಾಳಿಯಿಲ್ಲದ ಅಭ್ಯರ್ಥಿ ಸೋತರೆ ಏನು ಮಾಡಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲ, ಹಾಗಾಗಿ ಮಧ್ಯದಲ್ಲೇ ಕಾನೂನು ತಿದ್ದಿ ಎರಡನೇ ಸುತ್ತಿನಲ್ಲಿ ಆ 33 ಸ್ಥಾನ ತುಂಬಬೇಕಾಯಿತು.

ಜೂನ್ 18ರ ಎರಡನೇ ಸುತ್ತು ಮುಗಿದಾಗ ಸಾಲಿಡಾರಿಟಿಗೆ 161ಕ್ಕೆ 161, ಮೇಲ್ಮನೆಯಲ್ಲಿ 100ಕ್ಕೆ 99. ಆದರೂ ಕೆಳಮನೆಯ ಬಹುಮತ ಕಾಗದದ ಮೇಲೆ ಆಳುವ ಕೂಟದ್ದೇ. ದಶಕಗಳ ಕಾಲ ತಲೆಯಾಡಿಸಿಕೊಂಡಿದ್ದ ಎರಡು ಸಣ್ಣ ಮಿತ್ರಪಕ್ಷಗಳು ಆಗಸ್ಟ್‌ನಲ್ಲಿ ಪಕ್ಷ ಬದಲಿಸಿದವು, ಬಹುಮತ ಕುಸಿಯಿತು. ಆಗಸ್ಟ್ 24ರಂದು ತದೇವುಷ್ ಮಜೊವಿಯೆಟ್ಸ್ಕಿ ಪ್ರಧಾನಿಯಾಗಿ ಆಯ್ಕೆಯಾದರು. ಸೋವಿಯತ್ ಬಣದಲ್ಲಿ ನಾಲ್ಕು ದಶಕಗಳ ನಂತರ ಬಂದ ಮೊದಲ ಕಮ್ಯುನಿಸ್ಟೇತರ ಪ್ರಧಾನಿ. ಪೋಲೆಂಡಿನ ಅಧ್ಯಾಯವನ್ನು ಎರಡು ಸಾಲಿನಲ್ಲಿ ಮುಗಿಸುವ ಪಠ್ಯಪುಸ್ತಕಗಳು ಆ ವರ್ಷದ ಅತ್ಯಂತ ಕಲಿಯಬೇಕಾದ ಭಾಗವನ್ನೇ ಬಿಟ್ಟುಬಿಡುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಹಂಗೆರಿ ತನ್ನ ಗಡಿಬೇಲಿಯನ್ನು ತಾನೇ ಯಾಕೆ ಕಿತ್ತಿತು?

ಮೊದಲ ಕಾರಣ ದುಡ್ಡು. ಆಸ್ಟ್ರಿಯ ಗಡಿಯ ಬೇಲಿಯಲ್ಲಿ ವಿದ್ಯುತ್ ಸಂಕೇತದ ತಂತಿಯಿತ್ತು. ಯಾರಾದರೂ ಮುಟ್ಟಿದರೆ ಕಾವಲು ಠಾಣೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಅದು ತುಕ್ಕು ಹಿಡಿದು, ಕಾಡುಪ್ರಾಣಿ ತಾಗಿದರೂ ಹೊಡೆದುಕೊಳ್ಳುತ್ತಿತ್ತು. ಹೊಸದು ಹಾಕಲು ಬೇಕಾದ ತುಕ್ಕುನಿರೋಧಕ ತಂತಿಯನ್ನು ಪಾಶ್ಚಾತ್ಯ ದೇಶಗಳಿಂದ ವಿದೇಶಿ ವಿನಿಮಯ ಕೊಟ್ಟು ತರಿಸಬೇಕಿತ್ತು. ಪ್ರಧಾನಿ ಮಿಕ್ಲೋಷ್ ನೇಮೆತ್ ಆ ಖರ್ಚನ್ನೇ ಬಜೆಟ್ಟಿನಿಂದ ಹೊಡೆದುಹಾಕಿದರು. ಹಂಗೆರಿಯವರಿಗೆ ಅಷ್ಟರಲ್ಲಿ ವಿದೇಶ ಪ್ರವಾಸದ ಪಾಸ್‌ಪೋರ್ಟ್ ಸಿಗುತ್ತಿದ್ದರಿಂದ ಬೇಲಿ ಅವರಿಗೆ ಬೇಕಾಗಿಯೂ ಇರಲಿಲ್ಲ. ಮೇ 2ರಂದು ಕೀಳುವ ಕೆಲಸ ಶುರುವಾಯಿತು. ಜೂನ್ 27ರಂದು ಹಂಗೆರಿಯ ವಿದೇಶಾಂಗ ಸಚಿವ ಗ್ಯುಲಾ ಹಾರ್ನ್ ಮತ್ತು ಆಸ್ಟ್ರಿಯದ ಆಲೋಯಿಸ್ ಮಾಕ್ ಕತ್ತರಿ ಹಿಡಿದು ತಂತಿ ತುಂಡರಿಸುವ ಚಿತ್ರ ಎಲ್ಲ ಕಡೆ ಅಚ್ಚಾಯಿತು. ಅದು ಕ್ಯಾಮೆರಾಗಳಿಗಾಗಿ ಏರ್ಪಡಿಸಿದ ಸಮಾರಂಭ. ಕೆಲಸ ಆಗಲೇ ಎಂಟು ವಾರ ಹಳೆಯದು.

ಬೇಲಿ ಹೋದ ಸುದ್ದಿ ಕೇಳಿ ಓಡಿಬಂದವರು ಪೂರ್ವ ಜರ್ಮನ್ನರು. ಹಂಗೆರಿಗೆ ರಜೆ ಕಳೆಯಲು ಬರುವುದಕ್ಕೆ ಅವರಿಗೆ ಅಡ್ಡಿಯಿರಲಿಲ್ಲ. ಆಗಸ್ಟ್ 19ರಂದು ಸೊಪ್ರಾನ್ ಪಟ್ಟಣದ ಹತ್ತಿರ ಗಡಿಯಲ್ಲಿ ನಡೆದ ಸೌಹಾರ್ದ ಪಿಕ್‌ನಿಕ್ಕಿನಲ್ಲಿ ಗೇಟನ್ನು ಸ್ವಲ್ಪ ಹೊತ್ತು ತೆರೆದಾಗ 600ರಷ್ಟು ಜನ ಅತ್ತ ನುಗ್ಗಿದರು, ಕಾವಲಿನವರು ಗುಂಡು ಹಾರಿಸಲಿಲ್ಲ. ಸೆಪ್ಟೆಂಬರ್ 10ರ ಮಧ್ಯರಾತ್ರಿ ಕಳೆದು 11 ಹುಟ್ಟುವಾಗ ಹಂಗೆರಿ ಪೂರ್ವ ಜರ್ಮನ್ನರಿಗೆ ಗಡಿಯನ್ನು ಅಧಿಕೃತವಾಗಿ ತೆರೆಯಿತು. ಬರ್ಲಿನ್ ಗೋಡೆ ಅರ್ಥ ಕಳೆದುಕೊಂಡದ್ದು ಆವತ್ತೇ. ಸುತ್ತುಹಾಕಿ ಹೋಗಲು ದಾರಿಯಿದ್ದ ಮೇಲೆ ಎದುರಿಗಿನ ಗೋಡೆ ಯಾರನ್ನು ತಡೆಯಬೇಕು?

ನವೆಂಬರ್ 9ರ ರಾತ್ರಿ ಬರ್ಲಿನ್‌ನಲ್ಲಿ ನಿಜವಾಗಿ ಏನಾಯಿತು?

ಹಿನ್ನೆಲೆ ಮೊದಲು. ಅಕ್ಟೋಬರ್ 9ರ ಸೋಮವಾರ ಲೈಪ್‌ಜಿಗ್ ನಗರದಲ್ಲಿ ಸುಮಾರು 70,000 ಜನ ಬೀದಿಗಿಳಿದರು. ಪೊಲೀಸರೂ ಸೈನ್ಯವೂ ಸಜ್ಜಾಗಿ ನಿಂತಿದ್ದವು, ಗುಂಡು ಹಾರಲಿಲ್ಲ. ಅಕ್ಟೋಬರ್ 18ರಂದು ಪೂರ್ವ ಜರ್ಮನಿಯ ನಾಯಕ ಎರಿಕ್ ಹೊನೆಕರ್ ಇಳಿದು ಎಗಾನ್ ಕ್ರೆಂಜ್ ಬಂದರು. ಚೆಕೊಸ್ಲೊವಾಕಿಯದ ಮೂಲಕ ಜನ ದೇಶ ಬಿಡುವುದು ನಿಲ್ಲಲಿಲ್ಲ. ಆ ಒತ್ತಡ ಇಳಿಸಲು ನವೆಂಬರ್ 9ರ ಬೆಳಿಗ್ಗೆ ನಾಲ್ವರು ಅಧಿಕಾರಿಗಳು ಹೊಸ ಪ್ರಯಾಣ ನಿಯಮ ಬರೆದರು: ಕಾರಣ ತೋರಿಸದೆ ಅರ್ಜಿ ಹಾಕಬಹುದು, ಅನುಮತಿ ಬೇಗ ಕೊಡಲಾಗುತ್ತದೆ, ಪಶ್ಚಿಮ ಬರ್ಲಿನ್‌ನ ಗೇಟುಗಳ ಮೂಲಕವೂ ಹೋಗಬಹುದು. ಇದು ಮರುದಿನ ಬೆಳಗಿನ ಜಾವ ಪ್ರಕಟವಾಗಬೇಕಿತ್ತು. ಜನ ಪೊಲೀಸ್ ಕಚೇರಿಯ ಮುಂದೆ ಸಾಲಾಗಿ ನಿಂತು ವೀಸಾ ಪಡೆಯಬೇಕಿತ್ತು.

ಆ ಹಾಳೆ ಪಕ್ಷದ ವಕ್ತಾರ ಗುಂಟರ್ ಶಬೋವ್ಸ್ಕಿ ಕೈಗೆ ಬಂತು. ನಿಯಮ ಚರ್ಚೆಯಾದಾಗ ಅವರು ಸಭೆಯಲ್ಲಿರಲಿಲ್ಲ. ಮರುದಿನದವರೆಗೆ ತಡೆಹಿಡಿಯಬೇಕೆಂಬುದು ಗೊತ್ತಿರಲಿಲ್ಲ. ಸಂಜೆ 6ಕ್ಕೆ ಶುರುವಾದ ಪತ್ರಿಕಾಗೋಷ್ಠಿ ಟಿವಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಮುಗಿಯುವ ಹೊತ್ತಿಗೆ, 7 ಗಂಟೆಗೆ ಕೆಲವೇ ನಿಮಿಷ ಮುಂಚೆ, ಅವರು ಆ ಹಾಳೆ ಓದಿದರು. ಯಾವಾಗಿನಿಂದ ಜಾರಿ ಎಂದು ಪತ್ರಕರ್ತರು ಕೇಳಿದರು. ಕಾಗದಗಳನ್ನು ತಡಕಾಡಿ, ತಮಗೆ ತಿಳಿದ ಮಟ್ಟಿಗೆ ಈಗಿಂದೀಗಲೇ, ತಡವಿಲ್ಲದೆ ಎಂದುಬಿಟ್ಟರು.

ಪಶ್ಚಿಮ ಜರ್ಮನಿಯ ರಾತ್ರಿ 8ರ ವಾರ್ತೆ ಅದನ್ನೇ ಮುಖ್ಯ ಸುದ್ದಿಯಾಗಿ ಬಿತ್ತರಿಸಿತು. ಪೂರ್ವ ಬರ್ಲಿನ್ನಿನವರು ಆ ವಾಹಿನಿಗಳನ್ನು ದಿನವೂ ನೋಡುತ್ತಿದ್ದವರು. ಜನ ಗೇಟುಗಳತ್ತ ನಡೆದರು. ಬೋರ್ನ್‌ಹೋಲ್ಮರ್ ಸ್ಟ್ರಾಸ ಗೇಟಿನಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಉಸ್ತುವಾರಿ ಹೊತ್ತಿದ್ದವರು ಹರಾಲ್ಡ್ ಯೇಗರ್. ಅವರು ಮೇಲಿನವರಿಗೆ ಮತ್ತೆ ಮತ್ತೆ ಫೋನ್ ಮಾಡಿದರು, ಸ್ಪಷ್ಟ ಆದೇಶ ಬರಲಿಲ್ಲ. ಕೊನೆಗೆ ಬಂದ ಸೂಚನೆ ಇದು: ಹೆಚ್ಚು ಗಲಾಟೆ ಮಾಡುವವರನ್ನು ಒಬ್ಬೊಬ್ಬರಾಗಿ ಬಿಡಿ, ಆದರೆ ಗುರುತಿನ ಪತ್ರದಲ್ಲಿ ಫೋಟೋದ ಮೇಲೇ ಮುದ್ರೆ ಒತ್ತಿ. ಹಾಗೆ ಮುದ್ರೆ ಬಿದ್ದ ಪತ್ರ ರದ್ದಾದಂತೆ; ಹೋದವರು ಮರಳಿ ಬರುವಂತಿಲ್ಲ. ಇದು ಕೈಕೊಟ್ಟಿತು. ಕೂಗಿದವರಿಗೆ ದಾರಿ ಸಿಕ್ಕಿದ್ದು ಕಂಡು ಉಳಿದವರೂ ಕೂಗತೊಡಗಿದರು. ಅತ್ತ ಇಣುಕಿ ನೋಡಿ ವಾಪಸಾದ ಕೆಲವರು, ಮಕ್ಕಳು ಮನೆಯಲ್ಲಿವೆ, ಒಳಗೆ ಬಿಡಿ ಎಂದು ಇನ್ನೊಂದು ಬದಿಯಲ್ಲಿ ನಿಂತರು. ರಾತ್ರಿ 11.30ರ ಹೊತ್ತಿಗೆ ಯೇಗರ್ ತಪಾಸಣೆಯನ್ನೇ ಕೈಬಿಟ್ಟು ಗೇಟು ಎತ್ತಿಸಿದರು. ಮಿಕ್ಕ ಗೇಟುಗಳು ಅದರ ಹಿಂದೆ ತೆರೆದವು.

ಇಡೀ ವರ್ಷದಲ್ಲಿ ಒಬ್ಬ ಕೆಳಹಂತದ ಅಧಿಕಾರಿಯ ವಿವೇಕ ಇಷ್ಟು ಜೀವ ಉಳಿಸಿದ ಗಳಿಗೆ ಇನ್ನೊಂದಿಲ್ಲ. ಅವರ ಜೊತೆ ಬಂದೂಕುಧಾರಿ ಸಿಬ್ಬಂದಿ ಇದ್ದರು, ಎದುರಿಗೆ ಸಾವಿರಾರು ಜನ ಒತ್ತಿಕೊಂಡು ನಿಂತಿದ್ದರು.

ಗೋಡೆ ಕೆಡವಿದ್ದು ಅದೇ ರಾತ್ರಿಯೇ?

ಇಲ್ಲ. ಅಂದು ತೆರೆದದ್ದು ಗೇಟುಗಳು. ಜನ ಉಳಿ ಸುತ್ತಿಗೆ ಹಿಡಿದು ಚೂರು ಕಿತ್ತದ್ದು ನಿಜ, ಆದರೆ ಸರ್ಕಾರಿ ಯಂತ್ರಗಳಿಂದ ಕೆಡವುವ ಕೆಲಸ ಕ್ರಮವಾಗಿ ಶುರುವಾದದ್ದು 1990ರ ಜೂನ್‌ನಲ್ಲಿ. ಗೋಡೆ 1961ರ ಆಗಸ್ಟ್ 13ರಂದು ಮುಳ್ಳುತಂತಿಯಾಗಿ ಹುಟ್ಟಿ, ಪಶ್ಚಿಮ ಬರ್ಲಿನ್ನಿನ ಸುತ್ತ ಸುಮಾರು 155 ಕಿಲೋಮೀಟರ್ ಬೆಳೆದಿತ್ತು. ಅದರಲ್ಲಿ ನಗರದ ಎರಡು ಭಾಗಗಳ ನಡುವಿನದು 43 ಕಿಲೋಮೀಟರ್. ಅಲ್ಲಿ ಸತ್ತವರು ಕನಿಷ್ಠ 140.

ಪರೀಕ್ಷೆಯಲ್ಲಿ ಅಂಕ ಕಳೆಯುವ ಇನ್ನು ಕೆಲವು ಗೊಂದಲಗಳನ್ನು ಇಲ್ಲೇ ಬಿಡಿಸೋಣ. ಜರ್ಮನಿ ಒಂದಾದದ್ದು 1990ರ ಅಕ್ಟೋಬರ್ 3ರಂದು. ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದ ಕೂಟ ವಿಸರ್ಜನೆಯಾದದ್ದು 1991ರ ಜುಲೈನಲ್ಲಿ, ಸೋವಿಯತ್ ಒಕ್ಕೂಟ ಕೊನೆಗೊಂಡದ್ದು ಅದೇ ಡಿಸೆಂಬರ್‌ನಲ್ಲಿ. ನೆಲ್ಸನ್ ಮಂಡೇಲಾ ಬಿಡುಗಡೆ 1990ರ ಫೆಬ್ರವರಿ 11. ಈ ನಾಲ್ಕನ್ನೂ 1989ಕ್ಕೆ ಸೇರಿಸುವವರು ಬಹಳ.

ಸೋವಿಯತ್ ಸೈನ್ಯ 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಕ್ಕೆ ನುಗ್ಗಿದಂತೆ ಈ ಸಲ ಯಾಕೆ ನುಗ್ಗಲಿಲ್ಲ?

ಪೂರ್ವ ಜರ್ಮನಿಯಲ್ಲೇ ಲಕ್ಷಗಟ್ಟಲೆ ಸೋವಿಯತ್ ಸೈನಿಕರಿದ್ದರು. ಬ್ಯಾರಕ್ ಬಿಟ್ಟು ಹೊರಬರಲಿಲ್ಲ. ಸೋವಿಯತ್ ನಾಯಕ ಗೊರ್ಬಚೆವ್ 1988ರ ಡಿಸೆಂಬರ್ 7ರಂದು ವಿಶ್ವಸಂಸ್ಥೆಯಲ್ಲಿ 5 ಲಕ್ಷ ಸೈನಿಕರ ಕಡಿತ ಘೋಷಿಸಿ, ತನ್ನ ದಾರಿ ಆರಿಸಿಕೊಳ್ಳುವ ಹಕ್ಕು ಪ್ರತಿ ದೇಶಕ್ಕೂ ಇದೆ ಎಂದಿದ್ದರು. ತೈಲ ಬೆಲೆ ಕುಸಿದು ಖಜಾನೆ ಬರಿದಾಗಿತ್ತು, ಅಫ್ಘಾನಿಸ್ತಾನದ ಗಾಯ ಹಸಿಯಾಗಿತ್ತು. ಮಾಸ್ಕೊ ಬೆನ್ನಿಗೆ ಬರುವುದಿಲ್ಲ ಎಂಬುದು ಪೋಲೆಂಡಿನಲ್ಲಿ ಖಚಿತವಾದ ಮೇಲೆ ಉಳಿದ ದೇಶಗಳ ಜನರ ಭಯ ಒಂದೊಂದಾಗಿ ಕಳಚಿತು.

ಚೆಕೊಸ್ಲೊವಾಕಿಯದಲ್ಲಿ ರಕ್ತ ಹರಿಯಲಿಲ್ಲ, ರುಮೇನಿಯದಲ್ಲಿ ಯಾಕೆ ಹರಿಯಿತು?

ಪ್ರಾಗ್‌ನಲ್ಲಿ ನವೆಂಬರ್ 17ರ ವಿದ್ಯಾರ್ಥಿ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಅದರಿಂದ ಎದ್ದ ಸಿಟ್ಟು ನವೆಂಬರ್ 27ರ ಎರಡು ಗಂಟೆಗಳ ಸಾರ್ವತ್ರಿಕ ಮುಷ್ಕರವಾಯಿತು. ಕಾರ್ಖಾನೆಯ ಕಾರ್ಮಿಕರೂ ಹೊರಬಂದಾಗ ಪಕ್ಷ ಮಾತುಕತೆಗೆ ಕೂತಿತು. ಡಿಸೆಂಬರ್ 29ರಂದು ನಾಟಕಕಾರ ವಾಸ್ಲಾವ್ ಹಾವೆಲ್ ಅಧ್ಯಕ್ಷರಾದರು.

ರುಮೇನಿಯದಲ್ಲಿ ಮಾತಾಡಲು ಎದುರಿಗೆ ಯಾರೂ ಇರಲಿಲ್ಲ. ಸಂಘಟಿತ ವಿರೋಧ ಹುಟ್ಟಲು ಗುಪ್ತಪೊಲೀಸರು ಬಿಟ್ಟಿರಲಿಲ್ಲ, ಪಕ್ಷವೆಂದರೆ ಸರ್ವಾಧಿಕಾರಿ ನಿಕೊಲಾಯ್ ಚೌಷೆಸ್ಕು ಕುಟುಂಬ. ವಿದೇಶಿ ಸಾಲ ತೀರಿಸಲೆಂದು ಆಹಾರಧಾನ್ಯ ರಫ್ತು ಮಾಡಿ, ಜನರಿಗೆ ಊಟವನ್ನೂ ಚಳಿಗಾಲದ ಬಿಸಿಯನ್ನೂ ಪಡಿತರದಲ್ಲಿ ಅಳೆದುಕೊಟ್ಟಿದ್ದರು. ಡಿಸೆಂಬರ್ 16ರಂದು ತಿಮಿಶ್ವಾರಾ ನಗರದಲ್ಲಿ ಹಂಗೆರಿ ಮೂಲದ ಪಾದ್ರಿ ಲಾಸ್ಲೊ ಟೊಕೆಷ್ ಅವರನ್ನು ಮನೆ ಬಿಡಿಸುವುದರ ವಿರುದ್ಧ ಜನ ಸೇರಿದರು. ಮರುದಿನ ಗುಂಡು ಹಾರಿತು. ಡಿಸೆಂಬರ್ 21ರಂದು ಚೌಷೆಸ್ಕು ತನಗೆ ಜನಬೆಂಬಲವಿದೆಯೆಂದು ತೋರಿಸಲು ಬುಕಾರೆಸ್ಟ್‌ನಲ್ಲಿ ಸಭೆ ಕರೆದರು. ಭಾಷಣದ ನಡುವೆ ಗುಂಪು ಕೂಗಾಡಿತು, ಅವರು ಮಾತು ನಿಲ್ಲಿಸಿ ಕೈ ಎತ್ತಿ ಗಾಬರಿಯಿಂದ ನಿಂತದ್ದು ನೇರಪ್ರಸಾರದಲ್ಲಿ ದೇಶಕ್ಕೆಲ್ಲ ಕಂಡಿತು. 22ರಂದು ಸೈನ್ಯ ಜನರ ಪಕ್ಷ ಸೇರಿತು, ದಂಪತಿ ಹೆಲಿಕಾಪ್ಟರ್‌ನಲ್ಲಿ ಓಡಿಹೋದರು, ಸಿಕ್ಕಿಬಿದ್ದರು. 25ರಂದು ತರ್ಗೋವಿಷ್ಟೆಯ ಸೇನಾ ಠಾಣೆಯಲ್ಲಿ ಆತುರದ ವಿಚಾರಣೆ ನಡೆಸಿ ಗುಂಡಿಟ್ಟರು.

ಸತ್ತವರು 1,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಚೌಷೆಸ್ಕು ಓಡಿಹೋದ ಮೇಲೆ ಸತ್ತರು ಎಂಬುದು ಅನೇಕರಿಗೆ ಗೊತ್ತಿಲ್ಲ. ಭಯೋತ್ಪಾದಕರು ಅಡಗಿದ್ದಾರೆಂಬ ವದಂತಿ ಟಿವಿಯಲ್ಲೇ ಹರಡಿ, ಸೈನಿಕರು ಸೈನಿಕರ ಮೇಲೂ ನಾಗರಿಕರ ಮೇಲೂ ಗುಂಡು ಹಾರಿಸಿದರು.

ತಿಯಾನನ್ಮೆನ್ ಚೌಕದಲ್ಲೇ ಹತ್ಯಾಕಾಂಡ ನಡೆಯಿತೇ? ಎಷ್ಟು ಜನ ಸತ್ತರು?

ಹೆಸರು ಚೌಕದ್ದು, ಆದರೆ ಹೆಚ್ಚಿನ ಸಾವು ಸಂಭವಿಸಿದ್ದು ಚೌಕಕ್ಕೆ ಹೋಗುವ ಬೀದಿಗಳಲ್ಲಿ, ಅದರಲ್ಲೂ ಪಶ್ಚಿಮ ಬೀಜಿಂಗ್‌ನ ಮುಷಿದಿ ಪ್ರದೇಶದಲ್ಲಿ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಚೌಕದಲ್ಲಿ ಯಾರೂ ಸಾಯಲಿಲ್ಲ ಎಂಬ ಮಾತನ್ನು ಮುಂದಿಟ್ಟು ಹತ್ಯೆಯೇ ನಡೆಯಲಿಲ್ಲ ಎಂದು ಹೇಳುವವರಿದ್ದಾರೆ. ಸತ್ತವರಲ್ಲಿ ಅನೇಕರು ವಿದ್ಯಾರ್ಥಿಗಳಲ್ಲ, ಸೈನ್ಯಕ್ಕೆ ದಾರಿ ಬಿಡದೆ ನಿಂತ ಊರಿನ ಸಾಮಾನ್ಯ ಜನ.

ಕ್ರಮ ಹೀಗಿದೆ. ಸುಧಾರಣಾವಾದಿ ನಾಯಕ ಹೂ ಯಾವೊಬಾಂಗ್ ಏಪ್ರಿಲ್ 15ರಂದು ತೀರಿಕೊಂಡರು, ಶೋಕಾಚರಣೆ ಪ್ರತಿಭಟನೆಯಾಯಿತು. ಏಪ್ರಿಲ್ 26ರಂದು ಪಕ್ಷದ ಪತ್ರಿಕೆ ಇದನ್ನು ಗಲಭೆ ಎಂದು ಕರೆದು ಸಂಪಾದಕೀಯ ಬರೆಯಿತು. ತಣ್ಣಗಾಗುತ್ತಿದ್ದ ಚಳವಳಿಯನ್ನು ಅದೇ ಮತ್ತೆ ಹೊತ್ತಿಸಿತು, ಹಿಂದೆ ಸರಿಯುವ ದಾರಿಯನ್ನು ಎರಡೂ ಕಡೆಯವರಿಗೆ ಮುಚ್ಚಿತು. ಮೇ 13ರಂದು ಉಪವಾಸ ಸತ್ಯಾಗ್ರಹ ಶುರು. ಎರಡೇ ದಿನಕ್ಕೆ ಗೊರ್ಬಚೆವ್ ಭೇಟಿ ಇದ್ದುದರಿಂದ ವಿದೇಶಿ ಕ್ಯಾಮೆರಾಗಳು ಬೀಜಿಂಗ್‌ನಲ್ಲೇ ಇದ್ದವು. ಮೇ 20ರಂದು ಸೇನಾಡಳಿತ ಘೋಷಣೆಯಾಯಿತು, ಆದರೆ ಒಳಗೆ ಬರುತ್ತಿದ್ದ ಸೈನಿಕರನ್ನು ಜನ ಮಾತಾಡಿಸಿ ತಡೆದರು. ಜೂನ್ 3ರ ರಾತ್ರಿ ಬಂದ ತುಕಡಿಗಳು ಗುಂಡು ಹಾರಿಸಿಕೊಂಡೇ ಬಂದವು. ಬಲಪ್ರಯೋಗವನ್ನು ವಿರೋಧಿಸಿದ ಪ್ರಧಾನ ಕಾರ್ಯದರ್ಶಿ ಝಾವೊ ಝಿಯಾಂಗ್ ಪದಚ್ಯುತರಾಗಿ 2005ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿದ್ದರು.

ಸಾವಿನ ಸಂಖ್ಯೆಗೆ ಒಪ್ಪಿತವಾದ ಅಂಕಿ ಇಲ್ಲ. ಚೀನಾ ಸರ್ಕಾರ ಅಂದು 200ರಿಂದ 300ರ ನಡುವಿನ ಲೆಕ್ಕ ಕೊಟ್ಟಿತು. ಬೇರೆ ಅಂದಾಜುಗಳು ಹಲವು ನೂರರಿಂದ ಕೆಲವು ಸಾವಿರದವರೆಗೆ ಹೋಗುತ್ತವೆ. ಉತ್ತರ ಬರೆಯುವಾಗ ಒಂದೇ ಅಂಕಿಯನ್ನು ಖಚಿತವೆಂಬಂತೆ ಹಾಕಬೇಡಿ. ಟ್ಯಾಂಕುಗಳ ಮುಂದೆ ಚೀಲ ಹಿಡಿದು ಒಬ್ಬನೇ ನಿಂತವನ ಚಿತ್ರ ಜೂನ್ 5ರದು, ಹತ್ಯೆಯ ರಾತ್ರಿಯದಲ್ಲ.

ಎಕ್ಸಾನ್ ವಾಲ್ಡೀಸ್ ತೈಲ ಸೋರಿಕೆ: ತಪ್ಪು ಎಲ್ಲಿ?

ಮಾರ್ಚ್ 23ರ ರಾತ್ರಿ 9 ಗಂಟೆ ದಾಟಿದ ಮೇಲೆ ಅಲಾಸ್ಕಾದ ವಾಲ್ಡೀಸ್ ಬಂದರಿನಿಂದ ಸುಮಾರು 5.3 ಕೋಟಿ ಗ್ಯಾಲನ್ ಕಚ್ಚಾತೈಲ ಹೊತ್ತು ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಹೊರಟಿತು. ದಾರಿಯಲ್ಲಿ ತೇಲುವ ಮಂಜುಗಡ್ಡೆ ಇದ್ದುದರಿಂದ ನಿಗದಿತ ಪಥ ಬಿಟ್ಟು ಪಕ್ಕಕ್ಕೆ ಸರಿಯಿತು. ಕ್ಯಾಪ್ಟನ್ ಚಾಲನಾ ಕೊಠಡಿಯಿಂದ ಕೆಳಗಿಳಿದು ಹೋಗಿದ್ದರು. ದಣಿದಿದ್ದ ಮೂರನೇ ದರ್ಜೆಯ ಅಧಿಕಾರಿ ಹಡಗನ್ನು ಪಥಕ್ಕೆ ವಾಪಸು ತಿರುಗಿಸಬೇಕಿತ್ತು, ತಿರುವು ತಡವಾಯಿತು. ಮಧ್ಯರಾತ್ರಿ ಕಳೆದು 4 ನಿಮಿಷಕ್ಕೆ ಹಡಗು ಬ್ಲೈ ಬಂಡೆಯ ಮೇಲೆ ಹತ್ತಿ ಕೂತಿತು. 11 ತೈಲ ಕೋಣೆಗಳಲ್ಲಿ 8 ಸೀಳಿದವು. ತಳಕ್ಕೆ ಒಂದೇ ಪದರವಿದ್ದದ್ದರಿಂದ ಬಂಡೆಗೂ ತೈಲಕ್ಕೂ ನಡುವೆ ಇದ್ದದ್ದು ಒಂದು ಉಕ್ಕಿನ ಹಾಳೆ ಅಷ್ಟೇ.

ಸಮುದ್ರಕ್ಕೆ ಹರಿದದ್ದು ಸುಮಾರು 1.1 ಕೋಟಿ ಅಮೆರಿಕನ್ ಗ್ಯಾಲನ್, ಅಂದರೆ 4 ಕೋಟಿ ಲೀಟರಿಗೂ ಹೆಚ್ಚು. ಅನೇಕ ಪುಸ್ತಕಗಳು ಗ್ಯಾಲನ್, ಬ್ಯಾರಲ್, ಲೀಟರ್‌ಗಳನ್ನು ಕಲಸಿಬಿಡುತ್ತವೆ. ಒಂದು ಬ್ಯಾರಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಒಂದು ಗ್ಯಾಲನ್ 3.785 ಲೀಟರ್ ಎಂದಿಟ್ಟುಕೊಂಡು ತಾಳೆ ನೋಡಿ.

ಅಪಘಾತಕ್ಕಿಂತ ಹೆಚ್ಚು ಹಾನಿ ಮಾಡಿದ್ದು ತಡ. ತೈಲ ಬಾಚುವ ಸಾಮಗ್ರಿ ಒಯ್ಯಬೇಕಿದ್ದ ದೋಣಿ ರಿಪೇರಿಗೆ ನಿಂತಿತ್ತು, ಸಾಮಗ್ರಿ ಬೇರೆ ಕಡೆ ಇತ್ತು. ಮೊದಲ ಎರಡು ಮೂರು ದಿನ ಸಮುದ್ರ ಶಾಂತವಾಗಿದ್ದರೂ ಆ ಅವಕಾಶ ಕೈತಪ್ಪಿತು. ಆಮೇಲೆ ಬಿರುಗಾಳಿ ಎದ್ದು ತೈಲ ನೀರಿನ ಜೊತೆ ಕಡೆದು ನೊರೆಯಂತಾಯಿತು. ಆ ಸ್ಥಿತಿಯಲ್ಲಿ ಅದು ಸುಡುವುದೂ ಇಲ್ಲ, ಪಂಪಿಗೆ ಸಿಗುವುದೂ ಇಲ್ಲ. ಸುಮಾರು 2,100 ಕಿಲೋಮೀಟರ್ ಕರಾವಳಿಗೆ ಮೆತ್ತಿತು. ಕಲ್ಲುಗಳನ್ನು ಬಿಸಿನೀರಿನ ರಭಸದಿಂದ ತೊಳೆದದ್ದು ನೋಡಲು ಚೊಕ್ಕವಾಗಿತ್ತು, ಆದರೆ ತೈಲದಿಂದ ಬದುಕುಳಿದ ಸಣ್ಣ ಜೀವಿಗಳನ್ನೂ ಅದು ಬೇಯಿಸಿತು. ತೊಳೆಯದೆ ಬಿಟ್ಟ ಕೆಲವು ದಡಗಳು ಬೇಗ ಚೇತರಿಸಿಕೊಂಡವು.

1990ರಲ್ಲಿ ಅಮೆರಿಕ ಮಾಡಿದ ತೈಲ ಮಾಲಿನ್ಯ ಕಾನೂನು ಟ್ಯಾಂಕರ್‌ಗಳಿಗೆ ಎರಡು ಪದರದ ತಳ ಕಡ್ಡಾಯ ಮಾಡಿತು. ಇವತ್ತು ಮಂಗಳೂರಿಗೆ ಬರುವ ತೈಲ ಹಡಗಿಗೂ ಎರಡು ಪದರ ಇರುವುದರ ಹಿಂದೆ ಆ ಪಾಠವಿದೆ. ಅಂತರರಾಷ್ಟ್ರೀಯ ನಿಯಮವೂ ಅದೇ ದಾರಿ ಹಿಡಿಯಿತು.

ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಒಂದೇ ರಸ್ತೆಯಲ್ಲಿ ಅಷ್ಟು ಸಾವು ಯಾಕೆ?

ಅಕ್ಟೋಬರ್ 17ರ ಸಂಜೆ 5.04ಕ್ಕೆ ಲೋಮಾ ಪ್ರಿಯೆಟಾ ಭೂಕಂಪ, ತೀವ್ರತೆ 6.9, ಕಂಪಿಸಿದ್ದು 15 ಸೆಕೆಂಡಿನಷ್ಟು. ಸತ್ತ 63 ಜನರಲ್ಲಿ 42 ಮಂದಿ ಓಕ್‌ಲ್ಯಾಂಡ್ ನಗರದ ಸೈಪ್ರೆಸ್ ಎತ್ತರದ ರಸ್ತೆಯಲ್ಲಿ. ಅದು ಎರಡು ಅಂತಸ್ತಿನ ಹೆದ್ದಾರಿ. ಮೇಲಿನದು ಕೆಳಗಿನದರ ಮೇಲೆ ಕುಸಿಯಿತು. ಕಾರಣ ಎರಡು. ಕಂಬವೂ ತೊಲೆಯೂ ಸೇರುವ ಕಡೆ ಉದ್ದದ ಕಂಬಿ ಇತ್ತು, ಅದನ್ನು ಸುತ್ತಿ ಬಿಗಿಯುವ ರಿಂಗು ಸಾಕಷ್ಟು ಇರಲಿಲ್ಲ. ಅಲುಗಾಟಕ್ಕೆ ಕಾಂಕ್ರೀಟು ಒಡೆದು ಹೊರಬಿದ್ದಾಗ ಕಂಬಿಗಳು ಹೊರಕ್ಕೆ ಬಾಗಿದವು. ಎರಡನೆಯದು ನೆಲ: ಬಿದ್ದ ಭಾಗ ಕೊಲ್ಲಿಯ ಮೆತ್ತನೆಯ ಕೆಸರಿನ ಮೇಲಿತ್ತು, ಗಟ್ಟಿ ನೆಲದ ಮೇಲಿದ್ದ ಭಾಗ ನಿಂತಿತು. ಅಂದು ಬೇಸ್‌ಬಾಲ್ ಫೈನಲ್ ಸರಣಿಯ ಪಂದ್ಯವಿದ್ದು ಜನ ಬೇಗ ಮನೆ ಸೇರಿದ್ದರಿಂದ ರಸ್ತೆಯಲ್ಲಿ ವಾಹನ ಕಡಿಮೆ ಇತ್ತು.

ಅಫ್ಘಾನಿಸ್ತಾನದಿಂದ ಸೋವಿಯತ್ ವಾಪಸಾತಿ, ಪನಾಮಾ, ಜಪಾನ್: ಇಷ್ಟು ತಿಳಿದರೆ ಸಾಕೇ?

ಫೆಬ್ರವರಿ 15ರಂದು ಜನರಲ್ ಬೋರಿಸ್ ಗ್ರೊಮೊವ್ ಅಮು ದರಿಯಾ ನದಿಯ ಸೇತುವೆ ದಾಟಿ ತೆರ್ಮೆಜ್ ಸೇರಿದರು. ಒಂಬತ್ತು ವರ್ಷಗಳಲ್ಲಿ ಸುಮಾರು 15,000 ಸೋವಿಯತ್ ಸೈನಿಕರು ಸತ್ತಿದ್ದರು; ಅಫ್ಘನ್ನರ ಸಾವು ಅದರ ಎಷ್ಟೋ ಪಟ್ಟು. ಸೋವಿಯತ್ ಬೆಂಬಲದ ನಜೀಬುಲ್ಲಾ ಸರ್ಕಾರ ಕೂಡಲೇ ಬೀಳಲಿಲ್ಲ, ಮಾಸ್ಕೊದ ದುಡ್ಡು ಬರುತ್ತಿರುವವರೆಗೆ ಉಳಿದು 1992ರ ಏಪ್ರಿಲ್‌ನಲ್ಲಿ ಉರುಳಿತು.

ಡಿಸೆಂಬರ್ 20ರಂದು ಅಮೆರಿಕ ಪನಾಮಾಕ್ಕೆ ಸೈನ್ಯ ನುಗ್ಗಿಸಿತು. ಅಲ್ಲಿನ ಸರ್ವಾಧಿಕಾರಿ ನೊರಿಯೆಗಾ ಶರಣಾದದ್ದು 1990ರ ಜನವರಿ 3. ಜಪಾನಿನ ಚಕ್ರವರ್ತಿ ಹಿರೊಹಿಟೊ ಜನವರಿ 7ರಂದು ನಿಧನರಾದರು. ಅಲ್ಲಿನ ನಿಕ್ಕೈ ಶೇರು ಸೂಚ್ಯಂಕ ಡಿಸೆಂಬರ್ 29ರಂದು 38,915 ಮುಟ್ಟಿ, ಮತ್ತೆ ಆ ಎತ್ತರ ದಾಟಿದ್ದು 2024ರ ಫೆಬ್ರವರಿಯಲ್ಲಿ.

ನಮೀಬಿಯ ಚುನಾವಣೆಗೂ ಭಾರತಕ್ಕೂ ಏನು ಸಂಬಂಧ?

ಬರ್ಲಿನ್ ತೆರೆದ ಅದೇ ವಾರ, ನವೆಂಬರ್ 7ರಿಂದ 11ರವರೆಗೆ, ದಕ್ಷಿಣ ಆಫ್ರಿಕದ ಹಿಡಿತದಲ್ಲಿದ್ದ ನಮೀಬಿಯದ ಜನ ಮೊದಲ ಬಾರಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಮತ ಹಾಕಿದರು. ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್‌ಚಂದ್. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸ್ವಾಪೊ ಪಕ್ಷಕ್ಕೆ 72ರಲ್ಲಿ 41 ಸ್ಥಾನ ಬಂತು. ಸಂವಿಧಾನ ಅಂಗೀಕರಿಸಲು ಮೂರನೇ ಎರಡು ಬಹುಮತ ಬೇಕಿತ್ತು, ಅದು ಸಿಗದ ಕಾರಣ ಎಲ್ಲರೂ ಕೂಡಿ ಬರೆಯಬೇಕಾಯಿತು. ದಕ್ಷಿಣ ಆಫ್ರಿಕದಲ್ಲಿ ಡಿ ಕ್ಲರ್ಕ್ ಅಧಿಕಾರಕ್ಕೆ ಬಂದು ಅಕ್ಟೋಬರ್ 15ರಂದು ವರ್ಣಭೇದ ವಿರೋಧಿ ನಾಯಕ ವಾಲ್ಟರ್ ಸಿಸುಲು ಮೊದಲಾದವರನ್ನು ಬಿಡುಗಡೆ ಮಾಡಿದ್ದೂ ಇದೇ ಬದಲಾವಣೆಯ ಭಾಗ.

ಅದೇ ವರ್ಷ ಭಾರತದಲ್ಲಿ, ಕರ್ನಾಟಕದಲ್ಲಿ ಏನಾಯಿತು?

ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 61ನೇ ತಿದ್ದುಪಡಿ ಮಾರ್ಚ್ 28ರಿಂದ ಜಾರಿ. ಮೇ 22ರಂದು ಅಗ್ನಿ ಕ್ಷಿಪಣಿಯ ಮೊದಲ ಪರೀಕ್ಷೆ. ನವೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 197ಕ್ಕೆ ಇಳಿದು, ಡಿಸೆಂಬರ್ 2ರಂದು ವಿ.ಪಿ. ಸಿಂಗ್ ಪ್ರಧಾನಿಯಾದರು.

ಕರ್ನಾಟಕದ ಕಥೆ ಬೇರೆ ದಿಕ್ಕಿನದು. ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ 19 ಶಾಸಕರ ಬೆಂಬಲವಿಲ್ಲವೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಮರುದಿನವೇ ಅವರಲ್ಲಿ 7 ಮಂದಿ, ತಪ್ಪು ಹೇಳಿ ಸಹಿ ಪಡೆದರು, ನಾವು ಸರ್ಕಾರದ ಪರ ಎಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಅಧಿವೇಶನವನ್ನು ನಿಗದಿಗಿಂತ ಮೊದಲೇ ಬೇಕಾದರೂ ಕರೆಯೋಣ ಎಂದರು ಮುಖ್ಯಮಂತ್ರಿ. ಅವಕಾಶ ಸಿಗಲಿಲ್ಲ; ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಆ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತ ಅಳೆಯುವ ಜಾಗ ಸದನವೇ ಹೊರತು ರಾಜಭವನವಲ್ಲ ಎಂದು ತೀರ್ಪಿತ್ತಿತು. ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ಇಂದು ಬೊಮ್ಮಾಯಿ ಹೆಸರು ಕೇಳುವುದು ಅದಕ್ಕೇ.

ನವೆಂಬರ್‌ನಲ್ಲಿ ರಾಜ್ಯಕ್ಕೆ ಲೋಕಸಭೆಯ ಜೊತೆಗೇ ವಿಧಾನಸಭಾ ಚುನಾವಣೆ ನಡೆಯಿತು. ದೇಶದಲ್ಲಿ ಸೋತ ಕಾಂಗ್ರೆಸ್ ಇಲ್ಲಿ 224ರಲ್ಲಿ 178 ಗೆದ್ದಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು.

ಇಂಟರ್ನೆಟ್ ಹುಟ್ಟಿದ್ದು 1989ರಲ್ಲೇ?

ಅಲ್ಲ. ಗಣಕಯಂತ್ರಗಳ ಜಾಲ ಅದಕ್ಕೂ ಹಳೆಯದು. 1989ರ ಮಾರ್ಚ್‌ನಲ್ಲಿ ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಬರೆದುಕೊಟ್ಟದ್ದು, ಕಡತಗಳನ್ನು ಕೊಂಡಿಗಳ ಮೂಲಕ ಹೆಣೆಯುವ ಯೋಜನೆ. ಅದೇ ಮುಂದೆ ವರ್ಲ್ಡ್ ವೈಡ್ ವೆಬ್ ಆಯಿತು. ಹೊರಗಿನವರಿಗೆ ಸಿಕ್ಕಿದ್ದು 1991ರಲ್ಲಿ. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟುಕೊಟ್ಟಿತು.

ಹಳೆಯ ಕನ್ನಡ ಪತ್ರಿಕೆಗಳಲ್ಲಿ ತಾರೀಖು ಒಂದು ದಿನ ಹೆಚ್ಚುಕಡಿಮೆ ಯಾಕೆ ಬರುತ್ತದೆ?

ಮೂರು ಸಂಗತಿ ನೋಡಿಕೊಳ್ಳಬೇಕು: ಘಟನೆ ನಡೆದ ಊರಿನ ಗಡಿಯಾರ, ನಮ್ಮ ಗಡಿಯಾರ, ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು. ಬರ್ಲಿನ್‌ನ ನವೆಂಬರ್ ತಿಂಗಳ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಿದರೆ ನಮ್ಮದು. ರಾತ್ರಿ 11.30 ಎಂದರೆ ನಮಗೆ ನವೆಂಬರ್ 10ರ ಬೆಳಗಿನ 4. ಹಾಗಾಗಿ ಗೇಟು ತೆರೆದ ಸುದ್ದಿಗೆ 10ರ ಸಂಚಿಕೆ ಹುಡುಕಿ ಪ್ರಯೋಜನವಿಲ್ಲ, 11ರದು ತೆಗೆಯಿರಿ. ಕ್ಯಾಲಿಫೋರ್ನಿಯದ ಭೂಕಂಪ ನಡೆದಾಗ ಅಲ್ಲಿ 17ರ ಸಂಜೆ, ಇಲ್ಲಿ 18ರ ಬೆಳಿಗ್ಗೆ 5.34, ಅದಕ್ಕೆ 19ರ ಸಂಚಿಕೆ.

ಬೀಜಿಂಗ್ ವಿಷಯದಲ್ಲಿ ಬಲ್ಲವರೂ ಎಡವುತ್ತಾರೆ. ಚೀನಾ ಇಂದು ನಮಗಿಂತ ಎರಡೂವರೆ ಗಂಟೆ ಮುಂದಿದೆ. ಆದರೆ 1986ರಿಂದ 1991ರವರೆಗೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುತ್ತಿದ್ದರು. ಆದ್ದರಿಂದ 1989ರ ಜೂನ್‌ನಲ್ಲಿ ವ್ಯತ್ಯಾಸ ಮೂರೂವರೆ ಗಂಟೆ. ಅಲ್ಲಿ ಜೂನ್ 3ರ ರಾತ್ರಿ 10.30 ಆದಾಗ ನಮ್ಮಲ್ಲಿ ಸಂಜೆ 7. ಅಂದರೆ ಮೊದಲ ಗುಂಡಿನ ಸುದ್ದಿ ಜೂನ್ 4ರ ಭಾನುವಾರದ ಸಂಚಿಕೆಗೆ ಬರಲು ಹೊತ್ತಿತ್ತು. ಪೂರ್ತಿ ವಿವರಕ್ಕೆ ಸೋಮವಾರದ ಸಂಚಿಕೆ ನೋಡಬೇಕು. ಬರ್ಲಿನ್ ಸುದ್ದಿಗೆ ಹಾಕಿದ ಲೆಕ್ಕವನ್ನೇ ಇಲ್ಲೂ ಹಾಕಿ ಭಾನುವಾರದ ಪತ್ರಿಕೆಯನ್ನು ಬಿಟ್ಟುಬಿಡಬೇಡಿ.